ಇಪ್ಪತ್ತರ ಗಡಿ

ನಿನ್ನೆ ರಾತ್ರಿ ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಎಂಬ, ಸೂಪರ್‌ಹೀರೋ ಪಾತ್ರ ಕಟ್ಟಿಕೊಂಡು ಕತೆ ಹೆಣೆಯುವ ಆಟ ಆಡಲು ಕೂತೆವು. ಆಟ ಶುರುವಾಗಲೇ ಇಲ್ಲ. ಪಾತ್ರ ಕಟ್ಟುವ ನಿಯಮದ ಮೇಲೆ ಎರಡು ಗಂಟೆ ವಾದ! ಮೂರನೇ ಆವೃತ್ತಿಯಲ್ಲಿ ಪವರ್ ಲೆವೆಲ್, ಅಂದರೆ ಶಕ್ತಿಯ ಮಟ್ಟ, 10 ಇದ್ದರೆ ಪಾತ್ರ ಕಟ್ಟಲು ಕೈಗೆ 150 ಪಾಯಿಂಟ್. ಆದರೆ ಎಲ್ಲವನ್ನೂ ಒಂದೇ ಹೊಡೆತಕ್ಕೆ ಸುರಿಯುವ ಹಾಗಿಲ್ಲ. ದಾಳಿಯ ಗುರಿ, ಪೆಟ್ಟಿನ ಬಲ ಎರಡೂ ಸೇರಿ 20 ದಾಟಬಾರದು. "ಸೂಪರ್‌ಹೀರೋಗೆ ಎಂಥಾ ಮಿತಿ ಮಾರಾಯಾ?" ಎಂದು ಗೆಳೆಯ ಪಟ್ಟು ಹಿಡಿದ.

ನನಗೆ ಆ ಮಿತಿಯೇ ಇಷ್ಟ. ಗುರಿಗೆ 6, ಬಲಕ್ಕೆ 14 ಇಟ್ಟರೆ ಆಗಾಗ ಗುರಿ ತಪ್ಪುವ, ಆದರೆ ತಗುಲಿದರೆ ಗೋಡೆ ಒಡೆಯುವ ದೈತ್ಯ. ತಿರುಗಿಸಿ ಇಟ್ಟರೆ ಚುರುಕು ಬಿಲ್ಲುಗಾರ. ಅಂಕಿಯಲ್ಲೇ ಸ್ವಭಾವ ಬಂತು, ಅಲ್ವಾ?

1981ರಲ್ಲಿ ಬಂದ ಚಾಂಪಿಯನ್ಸ್ ಎಂಬ ಇನ್ನೊಂದು ಸೂಪರ್‌ಹೀರೋ ಆಟದಲ್ಲಿ ಪಾತ್ರಕ್ಕೆ ದೌರ್ಬಲ್ಯವನ್ನೋ ಬೆನ್ನುಬಿದ್ದ ಶತ್ರುವನ್ನೋ ಬರೆದುಕೊಂಡರೆ ಮೊದಲೇ ಜಾಸ್ತಿ ಪಾಯಿಂಟ್ ಸಿಗುತ್ತಿತ್ತು. ಆಗ ಸುಮ್ನೆ ಪಾಯಿಂಟಿಗಾಗಿ ಶತ್ರುಗಳನ್ನು ಸೇರಿಸುವ ಆಸೆ ಹುಟ್ಟುತ್ತದೆ. ನಮ್ಮ ಆಟದಲ್ಲಿ ಹಾಗಲ್ಲ. ಪಾತ್ರಕ್ಕೆ ಬರೆದುಕೊಂಡ ತೊಡಕು ಆಟದ ನಡುವೆ ನಿಜವಾಗಿ ಕಾಡಿದಾಗಲೇ, ಕಷ್ಟದಲ್ಲಿ ಕೈಹಿಡಿಯುವ ಹೀರೋ ಪಾಯಿಂಟ್ ಸಿಗುವುದು.

ಇದನ್ನು ಕೇಳಿ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ತನ್ನ ಹೀರೋಗೆ ಒಬ್ಬ ತಂಗಿಯನ್ನು ಬರೆದ. ಅವಳಿಗೆ ಅಣ್ಣನ ಗುಟ್ಟು ಗೊತ್ತಿಲ್ಲ. ಶನಿವಾರ ಅವಳ ಮನೆಯಿಂದಲೇ ಕತೆ ಶುರು.