ಒಂದು ನಿಮಿಷದಲ್ಲಿ ಎಲ್ಲಾ ಹೆಂಗೆ ಹೇಳೋದು ಅಂತ ಕೇಳೋರಿಗೆ

ಸ್ಟಾರ್ಟಪ್ ಶುರು ಮಾಡಿರೋರು, ಫೈನಲ್ ಇಯರ್ ಪ್ರಾಜೆಕ್ಟ್ ಹಿಡ್ಕೊಂಡು ಓಡಾಡ್ತಿರೋರು, ಪಿಎಚ್‌ಡಿ ಮಾಡ್ತಿರೋರು, ಹಪ್ಪಳ ಉಪ್ಪಿನಕಾಯಿ ಯೂನಿಟ್‌ಗೆ ಲೋನ್ ಕೇಳೋಕೆ ಹೊರಟಿರೋ ಸ್ವಸಹಾಯ ಸಂಘದ ಹೆಣ್ಮಕ್ಕಳು, ಎಲ್ರೂ ಸುತ್ತಿ ಬಳಸಿ ನನ್ನ ಹತ್ರ ಕೇಳೋದು ಒಂದೇ ಪ್ರಶ್ನೆ. "ಇಷ್ಟು ವರ್ಷ ಕಷ್ಟಪಟ್ಟು ಮಾಡಿರೋ ಕೆಲಸ, ಎಲಿವೇಟರ್ ಪಿಚ್ ಅಂತ ಒಂದು ನಿಮಿಷ ಕೊಡ್ತಾರೆ, ಅಷ್ಟರಲ್ಲಿ ಎಲ್ಲಾ ಹೆಂಗೆ ಹೇಳೋದು?" ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ, ಲಿಫ್ಟಲ್ಲಿ ಮೇಲಕ್ಕೆ ಹೋಗೋ ಹೊತ್ತಲ್ಲಿ ಪಕ್ಕದಲ್ಲಿ ನಿಂತಿರೋರಿಗೆ ನಿಮ್ಮ ವಿಷಯ ಮುಟ್ಟಿಸೋದನ್ನ ಎಲಿವೇಟರ್ ಪಿಚ್ ಅಂತಾರೆ, 30 ಸೆಕೆಂಡಿಂದ ಒಂದು ನಿಮಿಷ ಅಷ್ಟೇ.

ಎಲ್ಲಾ ಹೇಳ್ಬೇಡಿ, ಇದೇ ನನ್ನ ಉತ್ತರ. ಆ ಒಂದು ನಿಮಿಷದಲ್ಲಿ ಯಾರೂ ದುಡ್ಡು ಕೊಡಲ್ಲ, ಕೆಲಸ ಕೊಡಲ್ಲ, ಸಹಿ ಹಾಕಲ್ಲ. ಕೇಳಿಸ್ಕೊಂಡೋರು "ಹೌದಾ, ಅದು ಹೆಂಗೆ ಮಾಡ್ತೀರಾ?" ಅಂತ ಒಂದು ಪ್ರಶ್ನೆ ವಾಪಸ್ ಕೇಳಿದ್ರೆ ಸಾಕು, ನಿಮ್ಮ ಪಿಚ್ ಕೆಲಸ ಮಾಡ್ತು ಅಂತ ಅರ್ಥ. ನೀವು ಹೇಳೋ ಪ್ರತಿ ಮಾತೂ ಆ ಪ್ರಶ್ನೆ ಹುಟ್ಟಿಸೋಕೆ ಇರ್ಬೇಕು, ಹುಟ್ಟಿಸಲ್ಲ ಅಂದ್ರೆ ಅದು ಎಷ್ಟೇ ನಿಜ ಇದ್ರೂ, ಅದಕ್ಕೆ ನೀವು ಎಷ್ಟೇ ರಾತ್ರಿ ನಿದ್ದೆಗೆಟ್ಟಿದ್ರೂ ತೆಗೀಬೇಕು.

ಇದು ಯಾಕೆ ಇಷ್ಟು ಕಷ್ಟ ಅನ್ನೋದಕ್ಕೆ ಒಂದು ಹಳೇ ಪ್ರಯೋಗ ಇದೆ, ನಂಗೆ ತುಂಬಾ ಇಷ್ಟ ಅದು. 1990ರಲ್ಲಿ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಲಿ ಎಲಿಜಬೆತ್ ನ್ಯೂಟನ್ ಅನ್ನೋರು ತಮ್ಮ ಪಿಎಚ್‌ಡಿಗೆ ಮಾಡಿದ್ದು. ಒಬ್ರು ಎಲ್ರಿಗೂ ಗೊತ್ತಿರೋ ಹಾಡಿನ ತಾಳ ಟೇಬಲ್ ಮೇಲೆ ಬೆರಳಲ್ಲಿ ಕುಟ್ಟಬೇಕು, ಎದುರಿಗಿರೋರು ಯಾವ ಹಾಡು ಅಂತ ಹೇಳ್ಬೇಕು. ಅರ್ಧಕ್ಕರ್ಧ ಸರಿ ಹೇಳ್ತಾರೆ ಅಂತ ಕುಟ್ಟಿದೋರ ಅಂದಾಜು, ಆದ್ರೆ 120 ಹಾಡಲ್ಲಿ ಕೇಳುಗರು ಸರಿಯಾಗಿ ಹೇಳಿದ್ದು ಬರೀ 3. ಕುಟ್ಟೋರ ತಲೇಲಿ ರಾಗ, ಸಾಹಿತ್ಯ ಎಲ್ಲಾ ಓಡ್ತಾ ಇರುತ್ತೆ, ಎದುರಿಗಿರೋರಿಗೆ ಕೇಳೋದು ಬರೀ ಟಕ್ ಟಕ್. ಪಿಚ್ ಮಾಡೋರ ಪರಿಸ್ಥಿತಿನೂ ಇದೇ, ನಿಮಗೆ ನಿಮ್ಮ ಕೆಲಸ ಎಷ್ಟು ಚೆನ್ನಾಗಿ ಗೊತ್ತೋ ಅಷ್ಟು ಅಪಾಯ ಜಾಸ್ತಿ.

ಒಂದು ಉದಾಹರಣೆ ಕಟ್ಕೊಂಡು ನೋಡೋಣ. ಮಲೆನಾಡಲ್ಲಿ ಮಳೆಗಾಲ ಅಂದ್ರೆ ಅಡಿಕೆ ಬೆಳೆಗಾರರಿಗೆ ಕೊಳೆ ರೋಗದ ಚಿಂತೆ. ಮುಂಗಾರು ಜೋರಾಗೋ ಮುಂಚೆ ಒಂದ್ಸಲ, ಆಮೇಲೆ 40, 45 ದಿನ ಬಿಟ್ಟು ಇನ್ನೊಂದ್ಸಲ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೀಬೇಕು, ಮೈಲುತುತ್ತ ಮತ್ತೆ ಸುಣ್ಣದ್ದು. ಮರ ಹತ್ತೋರು ಸಿಗೋದು ವರ್ಷ ವರ್ಷ ಕಷ್ಟ ಆಗ್ತಿದೆ, ಈಗ ನೆಲದ ಮೇಲೇ ನಿಂತು ಹೊಡೆಯೋ ಕಾರ್ಬನ್ ಫೈಬರ್ ದೋಟಿ, ಅಂದ್ರೆ ಉದ್ದನೆ ಕೋಲು, ಬಂದಿದೆ. ಆ ದೋಟಿ ಇಟ್ಕೊಂಡು ಔಷಧಿ ಹೊಡೆಯೋ ತಂಡ ಕಟ್ಟಿರೋ ಒಬ್ಬ ಹುಡುಗಿ ಇದಾಳೆ ಅಂದ್ಕೊಳ್ಳಿ. ಹತ್ರತ್ರ ಎಲ್ರೂ ಶುರು ಮಾಡೋ ತರ ಶುರು ಮಾಡಿದ್ರೆ ಅವಳ ಪಿಚ್ ಹಿಂಗಿರುತ್ತೆ: "ನಮ್ಮದು ಅಗ್ರಿಟೆಕ್ ಪ್ಲಾಟ್‌ಫಾರ್ಮ್, ತೋಟಗಾರಿಕೆ ವಲಯದಲ್ಲಿ ತಂತ್ರಜ್ಞಾನ ಆಧಾರಿತ ಕಾರ್ಮಿಕ ಸೇವೆಗಳ ಸಮಗ್ರ ಪರಿಹಾರ ಒದಗಿಸ್ತೀವಿ." ಇದ್ರಲ್ಲಿ ಸುಳ್ಳು ಏನೂ ಇಲ್ಲ. ಆದ್ರೆ ಅಡಿಕೆ ಇಲ್ಲ, ಮಳೆ ಇಲ್ಲ, ಮರ ಇಲ್ಲ, ಕೇಳೋರಿಗೆ ಬರೀ ಟಕ್ ಟಕ್.

ಅದೇ ಹುಡುಗಿ ಸಹಕಾರಿ ಸೊಸೈಟಿ ಅಧ್ಯಕ್ಷರಿಗೆ ಹಿಂಗೆ ಹೇಳಿದ್ರೆ?

"ಸರ್, ಮಳೆ ಹಿಡಿಯೋ ಮುಂಚೆ ಅಡಿಕೆಗೆ ಬೋರ್ಡೋ ಹೊಡೀಲಿಲ್ಲ ಅಂದ್ರೆ ಕೊಳೆ ಬಂದು ಕಾಯಿ ಉದುರುತ್ತೆ. ಮರ ಹತ್ತಿ ಹೊಡೆಯೋರು ಸಿಗ್ತಿಲ್ಲ, ಸಿಕ್ಕೋರಿಗೂ ಒದ್ದೆ ಮರ ಅಂದ್ರೆ ಜೀವಭಯ. ನಾವು ನೆಲದಿಂದ್ಲೇ ದೋಟಿಲಿ ಹೊಡೆಯೋಕೆ ಊರಿನ ಹುಡುಗ್ರಿಗೆ ಟ್ರೈನಿಂಗ್ ಕೊಟ್ಟು ತಂಡ ಕಟ್ಟಿದೀವಿ, ತೋಟದೋರು ಫೋನಲ್ಲಿ ದಿನ ಬುಕ್ ಮಾಡ್ತಾರೆ. ಹೋದ ಮಳೆಗಾಲ 12 ತೋಟಕ್ಕೆ ಹೊಡೆದ್ವಿ, ಅದ್ರಲ್ಲಿ 9 ಜನ ಈ ವರ್ಷಕ್ಕೂ ಆಗ್ಲೇ ಬುಕ್ ಮಾಡಿದಾರೆ. ನಿಮ್ಮ ಸದಸ್ಯರ ಮುಂದೆ ಒಂದು ತೋಟದಲ್ಲಿ ಮಾಡಿ ತೋರಿಸ್ತೀವಿ, ಒಂದು ದಿನ ಕೊಡ್ತೀರಾ?"

ಗಡಿಯಾರ ಇಟ್ಕೊಂಡು ಓದಿ ನೋಡಿ, ಅವಸರ ಮಾಡ್ದೇ ಓದಿದ್ರೂ ಒಂದು ನಿಮಿಷದ ಒಳಗೇ ಮುಗಿಯುತ್ತೆ. ಇದ್ರಲ್ಲಿ ಆಪ್ ಬಗ್ಗೆ ಇಲ್ಲ, ಅವಳ ಡಿಗ್ರಿ ಇಲ್ಲ, ದೋಟಿ ಎಷ್ಟು ಅಡಿ ಅನ್ನೋದಿಲ್ಲ, ಐದು ವರ್ಷದ ಪ್ಲಾನ್ ಇಲ್ಲ. ಅಧ್ಯಕ್ಷರು ಖಂಡಿತ ಕೇಳ್ತಾರೆ, ಎಕರೆಗೆ ಎಷ್ಟಾಗುತ್ತೆ, ನಮ್ಮ ಎತ್ತರದ ಹಳೇ ಮರಕ್ಕೆ ಮುಟ್ಟುತ್ತಾ, ಮಳೆ ಬಂದು ಆ ದಿನ ತಪ್ಪಿದ್ರೆ ಏನ್ಮಾಡ್ತೀರಾ. ಬಿಟ್ಟಿದ್ದೆಲ್ಲಾ ಅಲ್ಲಿಗೆ ಬರುತ್ತೆ, ಅದೂ ಅವರೇ ಕೇಳಿರೋದ್ರಿಂದ ಕಿವಿ ಕೊಟ್ಟು ಕೇಳ್ತಾರೆ.

ನನ್ನ ಪ್ರಕಾರ ಇಡೀ ಪಿಚ್ಚಲ್ಲಿ ಗಟ್ಟಿ ಮಾತು ಆ 9 ಜನ ವಾಪಸ್ ಬುಕ್ ಮಾಡಿದ್ದು. ಮಾರುಕಟ್ಟೆ ಸಾವಿರಾರು ಕೋಟಿ ಇದೆ ಅಂತ ಹೇಳೋರನ್ನ ಹೂಡಿಕೆದಾರರು ದಿನಾ ನೋಡ್ತಾರೆ, ದುಡ್ಡು ಕೊಟ್ಟು ಎರಡನೇ ಸಲ ಕರೆದ ಗಿರಾಕಿ ಇರೋರು ಅಪರೂಪ. ಪುರಾವೆ ಸಣ್ಣದಿದ್ರೂ ಪರವಾಗಿಲ್ಲ, ನಿಮ್ಮದೇ ಆಗಿರ್ಬೇಕು, ನಿಜ ಆಗಿರ್ಬೇಕು. ಎಲಿವೇಟರ್ ಅಂದ್ಮೇಲೆ ಎಲಿಷಾ ಓಟಿಸ್ ಮಾಡಿದ್ದನ್ನೂ ಹೇಳ್ಬೇಕು. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಅವರು ಜನರ ಮುಂದೆ ತಾವೇ ಲಿಫ್ಟ್ ಹಲಗೆ ಮೇಲೆ ನಿಂತು, ಎತ್ತರಕ್ಕೆ ಹೋಗಿ, ಹಗ್ಗ ಕತ್ತರಿಸೋಕೆ ಹೇಳಿದ್ರು. ಹಗ್ಗ ಕತ್ತರಿಸಿದ್ರೂ ಅವರು ಕಂಡುಹಿಡಿದ ಬ್ರೇಕ್ ಹಿಡ್ಕೊಂಡು ಹಲಗೆ ಅಲ್ಲೇ ನಿಲ್ತು. ಬ್ರೇಕ್ ಒಳಗೆ ಸ್ಪ್ರಿಂಗ್ ಹೆಂಗೆ ಕೆಲಸ ಮಾಡುತ್ತೆ ಅಂತ ಗಂಟೆಗಟ್ಲೆ ವಿವರಿಸಿದ್ರೂ ಅಷ್ಟು ನಂಬಿಕೆ ಹುಟ್ತಿರ್ಲಿಲ್ಲ. ನಿಮ್ಮ ವಸ್ತು ಜೇಬಲ್ಲಿ ಹಿಡಿಯೋಷ್ಟು ಸಣ್ಣದಿದ್ರೆ ದಯವಿಟ್ಟು ಜೊತೇಲೇ ಇಟ್ಕೊಳ್ಳಿ.

ನಮ್ಮವರಲ್ಲಿ ನಾನು ಮತ್ತೆ ಮತ್ತೆ ನೋಡೋ ಒಂದೆರಡು ಅಭ್ಯಾಸ ಇವೆ, ಅವನ್ನ ಹೇಳ್ಲೇಬೇಕು. ಒಂದು, ವೇದಿಕೆ ಭಾಷಣದ ರೂಢಿ. "ಎಲ್ಲರಿಗೂ ನಮಸ್ಕಾರ, ಈ ಅವಕಾಶ ಮಾಡಿಕೊಟ್ಟ ಗಣ್ಯರಿಗೆ ವಂದಿಸುತ್ತಾ" ಅಂತ ಶುರು ಮಾಡಿ, ಹೆಸರು ಊರು ಕಾಲೇಜು ಹೇಳೋಷ್ಟರಲ್ಲಿ ಕಾಲು ಭಾಗ ಟೈಮ್ ಹೋಗಿರುತ್ತೆ. ಗೌರವ ಬೇಡ ಅಂತಿಲ್ಲ ನಾನು, ಒಂದು ನಮಸ್ಕಾರ ಮುಖ ನೋಡಿ ಹೇಳಿದ್ರೆ ಅದ್ರಲ್ಲೇ ಎಲ್ಲಾ ಗೌರವ ಬಂತು. ಇನ್ನೊಂದು, ಸಂಕೋಚ. "ಏನೋ ಸಣ್ಣದಾಗಿ ಟ್ರೈ ಮಾಡ್ತಿದೀವಿ ಸರ್" ಅಂತಾರೆ, ಮಾಡಿರೋ ಕೆಲಸ ನೋಡಿದ್ರೆ ದೊಡ್ಡದೇ ಇರುತ್ತೆ. ಮನೆಯಲ್ಲಿ ಕಲಿಸಿರೋ ವಿನಯ ಅದು, ಒಳ್ಳೇದೇ, ಆದ್ರೆ ಕೇಳೋರು ಅದನ್ನ ಇವರಿಗೇ ನಂಬಿಕೆ ಇಲ್ಲ ಅಂತ ಓದ್ಕೋತಾರೆ, ಅದು ನಂಗೆ ಬೇಜಾರು. ಮಾಡಿದ್ದನ್ನ ಮಾಡಿದೀವಿ ಅಂತ ಹೇಳೋದು ಜಂಬ ಆಗಲ್ಲ.

ಮತ್ತೆ ಕನ್ನಡದಲ್ಲಿ ಪಿಚ್ ಮಾಡೋರು ವಾಕ್ಯದ ಉದ್ದ ನೋಡ್ಕೊಳ್ಳಿ. ನಮ್ಮ ಭಾಷೇಲಿ ಕ್ರಿಯಾಪದ ಕೊನೆಗೆ ಬರುತ್ತೆ, ಹಂಗಾಗಿ "ಮಲೆನಾಡಿನ ಸಣ್ಣ ಬೆಳೆಗಾರರು ಮಳೆಗಾಲದಲ್ಲಿ ಕಾರ್ಮಿಕರ ಕೊರತೆಯಿಂದ ಅನುಭವಿಸುತ್ತಿರುವ ನಷ್ಟವನ್ನು ಗಮನದಲ್ಲಿಟ್ಟುಕೊಂಡು" ಅಂತ ಹೊರಟ್ರೆ ನೀವು ಏನು ಮಾಡ್ತೀರಾ, ಮಾರ್ತೀರಾ, ಬಾಡಿಗೆಗೆ ಕೊಡ್ತೀರಾ ಅನ್ನೋದು ಗೊತ್ತಾಗೋಕೆ ಕೇಳೋರು ವಾಕ್ಯದ ತುದಿವರೆಗೂ ಕಾಯ್ಬೇಕು. ಓದೋವಾಗ ಇದು ತೊಂದ್ರೆ ಕೊಡಲ್ಲ, ನಿಂತ್ಕೊಂಡು ಕೇಳೋವಾಗ ಕೊಡುತ್ತೆ. ಸಣ್ಣ ಸಣ್ಣ ವಾಕ್ಯ ಮಾಡಿ.

ಕನ್ನಡದಲ್ಲೇ ಮಾಡ್ಬಹುದಾ ಅಂತ ನನ್ನ ಕೇಳ್ತಾರೆ, ಪಿಚ್ ಕೇಳಿಸ್ಕೊಳ್ಳೋರಿಗೆ ಕನ್ನಡ ಬರುತ್ತೆ ಅಂದ್ರೆ ಖಂಡಿತ ಮಾಡಿ. ಹುಬ್ಬಳ್ಳಿ ಇರ್ಲಿ ಬೆಂಗಳೂರು ಇರ್ಲಿ, ತಡವರಿಸೋ ಇಂಗ್ಲಿಷಿಗಿಂತ ಸರಾಗ ಕನ್ನಡ ಎಷ್ಟೋ ಮೇಲು. ಕೇಳೋರಿಗೆ ಕನ್ನಡ ಬರಲ್ಲ ಅಂದ್ರೆ ಮೊದಲು ಕನ್ನಡದಲ್ಲಿ ತಯಾರು ಮಾಡ್ಕೊಳ್ಳಿ, ವಿಷಯ ನಿಮ್ಮ ಬಾಯಲ್ಲಿ ಗಟ್ಟಿ ಆದ್ಮೇಲೆ ಇಂಗ್ಲಿಷಿಗೆ ಹೋಗಿ. ಇಂಗ್ಲಿಷಲ್ಲೇ ಶುರು ಮಾಡಿದ್ರೆ ಆ ಮೇಲಿನ ಅಗ್ರಿಟೆಕ್ ಪ್ಲಾಟ್‌ಫಾರ್ಮ್ ತರದ ಮಾತೇ ಬರೋದು.

ಕೊನೇಲಿ ಕೇಳೋ ಮಾತು ಆಳು ನೋಡಿ ಬದಲಾಗ್ಬೇಕು. ಸೊಸೈಟಿ ಅಧ್ಯಕ್ಷರ ಹತ್ರ ಒಂದು ದಿನ ಕೇಳ್ಬೇಕು, ಹೂಡಿಕೆದಾರರ ಹತ್ರ 20 ನಿಮಿಷದ ಮೀಟಿಂಗ್, ಬೆಳೆಗಾರರ ಹತ್ರ ಅಡ್ವಾನ್ಸ್ ಬುಕಿಂಗ್. ಏನೂ ಕೇಳ್ದೇ "ಥ್ಯಾಂಕ್ಯೂ" ಅಂತ ನಿಲ್ಲಿಸಿದ್ರೆ ಅವರೂ "ಒಳ್ಳೇದಾಗ್ಲಿ" ಅಂತ ಹೊರಟು ಹೋಗ್ತಾರೆ, ಪಾಪ ಅವರದ್ದೇನೂ ತಪ್ಪಿಲ್ಲ.

ತಯಾರಿ ಬಗ್ಗೆ. ಟೈಮ್ ಕಮ್ಮಿ ಇದ್ರೆ ತಯಾರಿ ಜಾಸ್ತಿ ಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿ 2008ರಲ್ಲಿ ತ್ರೀ ಮಿನಿಟ್ ಥೀಸಿಸ್ ಅನ್ನೋ ಸ್ಪರ್ಧೆ ಶುರು ಮಾಡ್ತು, ಇಡೀ ಪಿಎಚ್‌ಡಿನ ಒಂದೇ ಸ್ಲೈಡ್ ಇಟ್ಕೊಂಡು ಮೂರು ನಿಮಿಷದಲ್ಲಿ ಹೇಳ್ಬೇಕು, ಮೀರಿದ್ರೆ ಔಟ್. 80,000 ಪದದ ಥೀಸಿಸ್ ಮಂಡಿಸೋಕೆ ಒಂಬತ್ತು ಗಂಟೆ ಬೇಕಾಗುತ್ತೆ ಅಂತ ಅವರ ಲೆಕ್ಕ. ಈಗ ಅದು ಎಷ್ಟೋ ದೇಶದಲ್ಲಿ ನಡೆಯುತ್ತೆ, ಸಂಶೋಧನೆ ಮಾಡೋರು ಅದರ ವಿಡಿಯೋ ಹುಡ್ಕಿ ನೋಡಿ, ಏನು ಬಿಡ್ತಾರೆ ಅನ್ನೋದನ್ನ ಗಮನ ಇಟ್ಟು ನೋಡಿ.

ನಾನು ಎಲ್ರಿಗೂ ಹೇಳೋ ಪರೀಕ್ಷೆ ಇಷ್ಟೇ: ನಿಮ್ಮ ಫೀಲ್ಡಿಗೆ ಸಂಬಂಧ ಇಲ್ದೋರಿಗೆ, ಅತ್ತೆನೋ ಚಿಕ್ಕಪ್ಪನೋ ಯಾರಿಗಾದ್ರೂ, ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ. ಮಾರನೇ ದಿನ ಫೋನ್ ಮಾಡಿ ನಾನು ಏನು ಮಾಡ್ತೀನಿ ಹೇಳಿ ನೋಡೋಣ ಅಂತ ಕೇಳಿ. ಅವರ ಬಾಯಿಂದ ಬಂದಷ್ಟೇ ನಿಮ್ಮ ಪಿಚ್, ಉಳಿದಿದ್ದು ಅವರಿಗೆ ಮುಟ್ಟಿಲ್ಲ. ಅವರು ಬಳಸಿದ ಪದ ನಿಮ್ಮ ಪದಕ್ಕಿಂತ ಚೆನ್ನಾಗಿದ್ರೆ ಅದನ್ನೇ ಎತ್ಕೊಳ್ಳಿ. ಪೂರ್ತಿ ಬಾಯಿಪಾಠ ಮಾಡ್ಬೇಡಿ, ಮಧ್ಯದಲ್ಲಿ ಯಾರಾದ್ರೂ ತಡೆದ್ರೆ ಮತ್ತೆ ಮೊದಲಿಂದ ಶುರು ಮಾಡೋ ಹಂಗಾಗುತ್ತೆ. ಮೊದಲ ವಾಕ್ಯ, ಕೊನೇ ವಾಕ್ಯ, ಮಧ್ಯದ ಅಂಕಿ, ಇಷ್ಟು ನೆನಪಿದ್ರೆ ಸಾಕು.

ಹೇಳಿ ಆದ್ಮೇಲೆ ಸುಮ್ಮನಾಗಿ. ಎರಡು ಮೂರು ಸೆಕೆಂಡ್ ಮೌನ ಆದ್ರೆ ಗಾಬರಿಗೆ ಇನ್ನೊಂದು ವಿಷಯ ಸೇರಿಸ್ತೀವಿ, ಅವರು ಕೇಳ್ಬೇಕು ಅಂತಿದ್ದ ಪ್ರಶ್ನೆ ಅಲ್ಲೇ ಸಾಯುತ್ತೆ. ನಂಬರ್ ಸಿಕ್ಕಿದ್ರೆ ಅವತ್ತೇ ಸಂಜೆ ಒಂದು ಮೆಸೇಜ್ ಹಾಕಿ, ಎಲ್ಲಿ ಸಿಕ್ಕಿದ್ವಿ, ಅವರು ಏನು ಕೇಳಿದ್ರು, ಅದಕ್ಕೆ ಇನ್ನೂ ಸ್ವಲ್ಪ ಪೂರ್ತಿ ಉತ್ತರ, ಯಾವ ದಿನ ಬರ್ಲಿ ಅನ್ನೋದು. ಬ್ರೋಷರ್ ಪಿಡಿಎಫ್ ಅವರಾಗೇ ಕೇಳಿದ್ಮೇಲೆ ಕಳಿಸಿ.