ಚಳಿನಾಡಿನ ಹಿತ್ತಲಲ್ಲಿ ಏರುಮಡಿ: ಹಲಗೆ ತರುವ ಮೊದಲು ಹಾಕಬೇಕಾದ ಲೆಕ್ಕ

ಹಿಮ ಬೀಳುವ ದೇಶಗಳಲ್ಲಿ ಮನೆಯ ಹಿಂದೆ ಹಲಗೆ ಕಟ್ಟಿ ಮಣ್ಣು ತುಂಬಿದ ಮಡಿಗಳು ಕಾಣುವುದು ಅಂದಕ್ಕಲ್ಲ. ಹಿಮ ಕರಗಿದ ಮೇಲೂ ನೆಲ ವಾರಗಟ್ಟಲೆ ತೊಯ್ದು ತಣ್ಣಗಿರುತ್ತದೆ. ಎತ್ತರಿಸಿದ ಮಣ್ಣಿನಿಂದ ನೀರು ಬೇಗ ಬಸಿಯುತ್ತದೆ, ಬಸಿದ ಮಣ್ಣು ಬೇಗ ಬೆಚ್ಚಗಾಗುತ್ತದೆ. ಬೀನ್ಸ್ ಬೀಜ ಚೆನ್ನಾಗಿ ಮೊಳೆಯಬೇಕಾದರೆ ಮಣ್ಣು 15-16 ಡಿಗ್ರಿ ಸೆಲ್ಸಿಯಸ್‌ಗಾದರೂ ಏರಬೇಕು. ಬೆಳೆ ತೆಗೆಯಲು ನಾಲ್ಕೈದು ತಿಂಗಳಷ್ಟೇ ಸಿಗುವ ಕಡೆ, ಬಿತ್ತನೆ ಒಂದು ವಾರ ಮುಂಚೆ ಆದರೂ ದೊಡ್ಡ ಲಾಭ.

ಬೇಗ ಒಣಗುವ ಈ ಗುಣವೇ ಬಿಸಿಲ ಸೀಮೆಯಲ್ಲಿ ಕಷ್ಟಕ್ಕೆ ಬರುತ್ತದೆ. ಆದ್ದರಿಂದ ತಾಯ್ನಾಡಿನ ಊರಿನಲ್ಲಿರುವವರು ಇದನ್ನು ಹಾಗೇ ಅನುಕರಿಸಬೇಡಿ. ಮಳೆ ಕಡಿಮೆ, ಮಣ್ಣು ಮರಳು ಎಂದರೆ ನೆಲಕ್ಕಿಂತ ತಗ್ಗಿಸಿದ ಪಾತಿಯೇ ಸರಿ. ಜೇಡಿ ಮಣ್ಣಿನಲ್ಲಿ ನೀರು ನಿಲ್ಲುವ ಜಾಗಕ್ಕೆ ಮಾತ್ರ ಏರುಮಡಿ ನಿಜವಾಗಿ ಬೇಕು.

ಮೊದಲು ನೋಡಬೇಕಾದ್ದು ಬಿಸಿಲು. ದಿನಕ್ಕೆ ಆರರಿಂದ ಎಂಟು ಗಂಟೆ ನೇರ ಬಿಸಿಲು ಬೀಳಬೇಕು. ನೆತ್ತಿಯ ಮೇಲಿನ ಸೂರ್ಯನಿಗೆ ಒಗ್ಗಿದ ಕಣ್ಣು ಚಳಿನಾಡಿನಲ್ಲಿ ಮೋಸ ಹೋಗುತ್ತದೆ. ಉತ್ತರ ಅಕ್ಷಾಂಶ 50 ಡಿಗ್ರಿಯಲ್ಲಿ ಜೂನ್ ಕೊನೆಯ ನಡುಹಗಲು ಸೂರ್ಯ ಸುಮಾರು 63 ಡಿಗ್ರಿ ಎತ್ತರಕ್ಕೆ ಬರುತ್ತಾನೆ, ಮಾರ್ಚ್ 20ರ ಆಸುಪಾಸಿನಲ್ಲಿ ಬರೀ 40 ಡಿಗ್ರಿ. ಅಂದರೆ ಆರಡಿ ಬೇಲಿಯ ನೆರಳು ಜೂನ್‌ನಲ್ಲಿ ಮೂರಡಿ, ಮಾರ್ಚ್‌ನಲ್ಲಿ ಏಳಡಿಗೂ ಹೆಚ್ಚು. ಬೇಸಿಗೆಯಲ್ಲಿ ಬಿಸಿಲು ನೋಡಿ ಬೇಲಿಗೆ ಅಂಟಿಸಿ ಮಡಿ ಕಟ್ಟಿದರೆ ವಸಂತದ ಪಾಲಕ್, ಬಟಾಣಿ ನೆರಳಿನಲ್ಲೇ ಸೊರಗುತ್ತವೆ. ಹಬ್ಬಿಸುವ ಬೀನ್ಸ್, ಟೊಮೆಟೊದಂಥ ಎತ್ತರದ ಗಿಡಗಳು ಮಡಿಯ ಉತ್ತರ ಬದಿಗಿರಲಿ.

ಅಗಲವನ್ನು ನಿರ್ಧರಿಸುವುದು ನಿಮ್ಮ ತೋಳು. ಎರಡೂ ಕಡೆಯಿಂದ ಕೈ ಹಾಕಬಹುದಾದರೆ ನಾಲ್ಕಡಿ, ಗೋಡೆಗೆ ಒತ್ತಿದ್ದರೆ ಎರಡಡಿ ಸಾಕು. ಅದಕ್ಕಿಂತ ಅಗಲ ಮಾಡಿದರೆ ಕಳೆ ಕೀಳಲು ಮಡಿಯೊಳಗೆ ಕಾಲಿಡಲೇಬೇಕಾಗುತ್ತದೆ. ತುಳಿದ ಮಣ್ಣು ಗಟ್ಟಿಯಾಯಿತು ಎಂದರೆ ಇಷ್ಟೆಲ್ಲ ಖರ್ಚು ಮಾಡಿದ್ದೇ ವ್ಯರ್ಥ. ಮಡಿಗಳ ನಡುವೆ ನಡೆಯಲು ಒಂದೂವರೆ ಅಡಿ, ಕೈಗಾಡಿ ತಳ್ಳಲು ಎರಡಡಿಗೂ ಹೆಚ್ಚು, ಗಾಲಿಕುರ್ಚಿಗೆ ಮೂರಡಿ ಬಿಡಿ. ಎತ್ತರ 10-12 ಅಂಗುಲ ಇದ್ದರೆ ಹೆಚ್ಚಿನ ತರಕಾರಿಗೆ ಸಾಕು, ಏಕೆಂದರೆ ತಳ ತೆರೆದಿದ್ದರೆ ಬೇರು ಕೆಳಗಿನ ನೆಲಕ್ಕೂ ಇಳಿಯುತ್ತದೆ. ಸೊಂಟ ಬಗ್ಗದವರಿಗೆ ಎರಡಡಿ ಎತ್ತರ ಅನುಕೂಲ, ಆದರೆ ಮಣ್ಣೂ ದುಪ್ಪಟ್ಟು ಬೇಕು.

ಎಂಟಡಿಯ ಮೂರು ಹಲಗೆಗಳಲ್ಲಿ ಒಂದನ್ನು ಅರ್ಧಕ್ಕೆ ಕೊಯ್ದರೆ ನಾಲ್ಕಡಿ ಅಗಲ, ಎಂಟಡಿ ಉದ್ದದ ಒಂದು ಮಡಿಗೆ ಸರಿಹೋಗುತ್ತದೆ, ಚೂರೂ ಉಳಿಯದು. ಗಿಡ್ಡ ಹಲಗೆಗಳನ್ನು ಉದ್ದದವುಗಳ ತುದಿಗೆ ಹೊರಗಿನಿಂದ ಜೋಡಿಸಿ. ಒಳಗೆ ಸಿಕ್ಕಿಸಿದರೆ ಎರಡು ಹಲಗೆಗಳ ದಪ್ಪ ಸೇರಿ ಅಗಲ ನಾಲ್ಕಡಿ ದಾಟುತ್ತದೆ. ಮೂಲೆಗಳಲ್ಲಿ ಒಳಗೊಂದು ಗೂಟ ನಿಲ್ಲಿಸಿ, ತುಕ್ಕು ಹಿಡಿಯದ ಮೂರಂಗುಲದ ಸ್ಕ್ರೂ ಹಾಕಿ. ಮೊಳೆಯಾದರೆ ಹಲಗೆ ಹಿಗ್ಗಿ ಕುಗ್ಗುವಾಗ ಸಡಿಲವಾಗಿ ಕಿತ್ತು ಬರುತ್ತದೆ. ಹಸಿ ಮಣ್ಣಿನ ಒತ್ತಡಕ್ಕೆ ಉದ್ದದ ಹಲಗೆ ಹೊಟ್ಟೆ ಬಿಡುತ್ತದೆ, ಹಾಗಾಗಿ ಅದರ ನಡುಮಧ್ಯೆ ಹೊರಗಿನಿಂದ ಇನ್ನೊಂದು ಗೂಟ ಬೇಕು. ಸೀಡರ್, ಲಾರ್ಚ್ ಮರ ಹೆಚ್ಚು ಬಾಳುತ್ತವೆ, ಪೈನ್ ಬೇಗ ಕೊಳೆಯುತ್ತದೆ. ಕ್ರಿಯೋಸೋಟ್ ಎಂಬ ವಿಷಕಾರಿ ಡಾಂಬರೆಣ್ಣೆ ಬಳಿದ ಹಳೆಯ ರೈಲ್ವೆ ಸ್ಲೀಪರ್ ಅಗ್ಗಕ್ಕೆ ಸಿಕ್ಕರೂ ತರಕಾರಿ ಮಡಿಗೆ ಬೇಡ. ಆರ್ಸೆನಿಕ್ ಸೇರಿಸಿ ಸಂಸ್ಕರಿಸಿದ ಮರಕ್ಕೆ ಅಮೆರಿಕದಲ್ಲಿ ಮನೆಬಳಕೆಯ ಮಾರುಕಟ್ಟೆ ಮುಚ್ಚಿದ್ದು 2003ರ ಕೊನೆಗೆ, ಆದ್ದರಿಂದ ಅದಕ್ಕಿಂತ ಹಳೆಯ ಹಲಗೆಗಳನ್ನು ಮುಟ್ಟಬೇಡಿ.

ಹುಲ್ಲನ್ನು ಕಿತ್ತೆಸೆಯಬೇಕಿಲ್ಲ. ಗಿಡ್ಡಕ್ಕೆ ಕತ್ತರಿಸಿ, ಮುಳ್ಳುಗುದ್ದಲಿಯಿಂದ ನೆಲ ಸಡಿಲಿಸಿ, ಟೇಪ್ ತೆಗೆದ ಕಂದು ರಟ್ಟನ್ನು ಒಂದರ ಮೇಲೊಂದು ಬರುವಂತೆ ಹಾಸಿ ನೆನೆಸಿ. ತಳಕ್ಕೆ ಪ್ಲಾಸ್ಟಿಕ್ ಬೇಡ. ನೀರು ಬಸಿಯಲಿ ಎಂದು ಜಲ್ಲಿ ಹಾಕುವುದೂ ತಪ್ಪು: ಸಣ್ಣ ಕಣದ ಮಣ್ಣು ಪೂರ್ತಿ ತೊಯ್ಯುವವರೆಗೂ ಕೆಳಗಿನ ಜಲ್ಲಿಗೆ ನೀರು ಬಿಡುವುದಿಲ್ಲ, ಬೇರಿನ ಮಟ್ಟದಲ್ಲೇ ನೀರು ನಿಲ್ಲುತ್ತದೆ.

ಮಡಿಯ ಅಗಲ ನಾಲ್ಕು, ಉದ್ದ ಎಂಟು, ಎತ್ತರ ಒಂದು ಅಡಿ ಎಂದರೆ 32 ಘನ ಅಡಿ ಮಣ್ಣು, ಸುಮಾರು 900 ಲೀಟರ್. 50 ಲೀಟರ್ ಚೀಲದಲ್ಲಿ ಹದಿನೆಂಟು ಚೀಲ. ತೂಕ ಒಂದು ಟನ್ ಆಸುಪಾಸು ಬರುವುದರಿಂದ, ಲಾರಿ ಮಣ್ಣು ಸುರಿಯುವ ಜಾಗ ಮಡಿಗೆ ಎಷ್ಟು ಹತ್ತಿರ ಎಂಬುದೂ ಯೋಜನೆಯೊಳಗೆ ಬರಬೇಕು. ಮೂರು ಪಾಲು ಮೇಲ್ಮಣ್ಣಿಗೆ ಎರಡು ಪಾಲು ಕಾಂಪೋಸ್ಟ್ ಒಳ್ಳೆಯ ಹದ. ಬರೀ ಕಾಂಪೋಸ್ಟ್ ತುಂಬಿದರೆ ವರ್ಷದೊಳಗೆ ಕುಸಿಯುತ್ತದೆ, ಲವಣ ಮತ್ತು ರಂಜಕವೂ ವಿಪರೀತವಾಗಬಹುದು.

ಹೊರಗಿನಿಂದ ತಂದ ಗೊಬ್ಬರದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹುಲ್ಲುಗಾವಲಿಗೆ ಹೊಡೆದ ಅಮಿನೋಪೈರಾಲಿಡ್ ಎಂಬ ಕಳೆನಾಶಕ ದನ, ಕುದುರೆಗಳ ಹೊಟ್ಟೆ ದಾಟಿ ಸಗಣಿ, ಲದ್ದಿಯಲ್ಲೂ ಉಳಿದುಬರುತ್ತದೆ. ಅದು ಸೇರಿದ ಮಡಿಯಲ್ಲಿ ಟೊಮೆಟೊ, ಬೀನ್ಸ್ ಎಲೆಗಳು ಸುರುಳಿಸುತ್ತಿ ಬಟ್ಟಲಿನಂತಾಗುತ್ತವೆ. ತುಂಬುವ ಮೊದಲು ಎರಡು ಕುಂಡ ತೆಗೆದುಕೊಂಡು, ಒಂದಕ್ಕೆ ಆ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದಕ್ಕೆ ಗೊಬ್ಬರವಿಲ್ಲದ ಮಣ್ಣು ಹಾಕಿ ಬೀನ್ಸ್ ಬಿತ್ತಿ, ಮೂರು ವಾರ ಹೋಲಿಸಿ ನೋಡಿ. ಹೊಸ ಎಲೆ ನೆಟ್ಟಗೆ ಬಿಚ್ಚಿಕೊಂಡರೆ ಗೊಬ್ಬರ ಬಳಸಬಹುದು.

ಬೇಸಿಗೆಯಲ್ಲಿ ವಾರಕ್ಕೆ ಒಂದಂಗುಲ ನೀರು, ಅಂದರೆ ಇಂಥ ಮಡಿಗೆ ಸುಮಾರು 75 ಲೀಟರ್. ಬಿಸಿಗಾಳಿಯ ವಾರದಲ್ಲಿ ಇನ್ನೂ ಹೆಚ್ಚು. ಹನಿ ನೀರಾವರಿ ಪೈಪನ್ನು ಸಸಿ ನೆಡುವ ಮೊದಲೇ ಎಳೆದು, ಅದರ ಮೇಲೆ ಹುಲ್ಲಿನ ಹೊದಿಕೆ ಹಾಕಿ. ಒಂದೇ ಕುಟುಂಬದ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಮೂರು ವರ್ಷ ಒಂದೇ ಮಡಿಗೆ ಮರಳಬಾರದು. ಆದ್ದರಿಂದ ಈ ವರ್ಷ ಕಟ್ಟುವುದು ಒಂದೇ ಆದರೂ, ನಕ್ಷೆಯಲ್ಲಿ ನಾಲ್ಕು ಮಡಿಗಳ ಜಾಗ ಗುರುತು ಹಾಕಿಡಿ.