ಪುಟ್ಟ ಟ್ರೇಲರ್‌ಗೆ ಜನರೇಟರ್: ಲೆಕ್ಕ ಎಲ್ಲಿಗೆ ಬಂತು

ಬ್ರೇಕು, ಟೈರು, ನೀರಿನ ಪಂಪು ಮುಗಿದವು. ಟ್ರೇಲರ್ ಕೆಲಸದಲ್ಲಿ ಈಗ ಉಳಿದಿರುವುದು ಕರೆಂಟು. ನಮ್ಮದು 16 ಅಡಿಯ ಹಳೇ ಟ್ರೇಲರ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮನೆ ಪಕ್ಕ ನಿಂತಿರುತ್ತದೆ, ರಜೆ ಸಿಕ್ಕರೆ ಸಿಯೆರಾ ನೆವಾಡ ಬೆಟ್ಟಗಳ ಕಡೆ ಹೊರಡುತ್ತದೆ. ಚಾವಣಿ ಮೇಲೆ 13,500 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ) ಎ.ಸಿ., ಒಳಗೆ ಮೈಕ್ರೋವೇವ್, ಗ್ಯಾಸ್ ಒಲೆ, ಗ್ಯಾಸ್‌ನಲ್ಲೂ ನಡೆಯುವ ಫ್ರಿಜ್, 100 ಆಂಪ್-ಅವರ್‌ನ ಲಿಥಿಯಂ ಬ್ಯಾಟರಿ. ಆ ಬೆಟ್ಟಗಳಲ್ಲಿರುವ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಟ್ರೇಲರ್‌ಗೆ ಕರೆಂಟ್ ಕೊಡುವ ವ್ಯವಸ್ಥೆ ಇಲ್ಲ. ಹಾಗಾಗಿ ಜನರೇಟರ್ ಬೇಕು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಎಂಥದ್ದು ಅನ್ನುವುದೇ ತಲೆನೋವು.

ಕೇಳಿದವರೆಲ್ಲ ಹೇಳಿದ್ದು ಒಂದೇ: "ದೊಡ್ಡದು ತಗೊಳ್ಳಿ, ಮುಂದೆ ಬೇಕಾಗುತ್ತೆ." ಹೇಳೋರಿಗೇನು, ಕಾರಿಂದ ಇಳಿಸಿ ಹೊರೋರು ಅವರಲ್ಲವಲ್ಲ!

ಮಾರ್ಚ್: ಅಳತೆ

ಅಂಗಡಿಗೆ ಹೋಗುವ ಮೊದಲು ಒಂದು ವಾಟ್ ಮೀಟರ್ ತಂದೆ. ಗೋಡೆಯ ಸಾಕೆಟ್‌ಗೆ ಅದನ್ನು ಚುಚ್ಚಿ, ಅದರ ಮೇಲೆ ನಮ್ಮ ಸಾಮಾನಿನ ಪ್ಲಗ್ ಹಾಕಿದರೆ ಎಷ್ಟು ವಾಟ್ ಎಳೆಯುತ್ತಿದೆ ಅಂತ ತೋರಿಸುತ್ತದೆ. ಟ್ರೇಲರ್‌ನಲ್ಲಿ ಬಳಸುವುದನ್ನೆಲ್ಲ ಅಳೆದೆ.

ಎಲೆಕ್ಟ್ರಿಕ್ ಕೆಟಲ್ 1,500. ಇನ್‌ಸ್ಟಂಟ್ ಪಾಟ್ ಅನ್ನುವ ಕರೆಂಟಿನ ಪ್ರೆಷರ್ ಕುಕ್ಕರ್ 1,000. ಮೈಕ್ರೋವೇವ್ ಮೇಲೆ 900 ವಾಟ್ ಅಂತ ಬರೆದಿದೆ, ಆದರೆ ಅದು ಊಟಕ್ಕೆ ತಲುಪುವ ಶಾಖದ ಲೆಕ್ಕ; ಸಾಕೆಟ್‌ನಿಂದ ಎಳೆಯುವುದು 1,350ರ ಆಸುಪಾಸು. 110 ವೋಲ್ಟಿನ ನಮ್ಮ ಮಿಕ್ಸಿ 550 ವಾಟಿನದು, ಚಟ್ನಿಗೆ ಅಷ್ಟೂ ಬೇಕಾಗಲಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ 35 ಆಂಪಿನದು, ಪೂರ್ತಿ ಓಡುವಾಗ 560 ವಾಟ್ ಚಿಲ್ಲರೆ.

ಇನ್ನು ಎ.ಸಿ. ಓಡುತ್ತಿರುವಾಗ 1,400ರಿಂದ 1,500. ಆದರೆ ಕಂಪ್ರೆಸರ್ ಶುರುವಾಗುವ ಆ ಒಂದು ಕ್ಷಣ ಅದಕ್ಕೆ ಇದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. 2,000 ವಾಟಿನ ಜನರೇಟರ್ ಅಲ್ಲೇ ಕುಸಿದು ಕೂರುತ್ತದೆ. ಇದಕ್ಕೆ ಸಾಫ್ಟ್ ಸ್ಟಾರ್ಟರ್ ಅಂತ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ. ಎ.ಸಿ. ಒಳಗೆ ಕೂರಿಸಿದರೆ ಕಂಪ್ರೆಸರನ್ನು ಮೆಲ್ಲಗೆ ಎಬ್ಬಿಸುತ್ತದೆ, ಆರಂಭದ ಎಳೆತವನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ. ಅದನ್ನು ಹಾಕಿಕೊಂಡು 2,200 ವಾಟ್ ವರ್ಗದ ಜನರೇಟರಿನಲ್ಲಿ 13,500 ಬಿಟಿಯು ಎ.ಸಿ. ನಡೆಸುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಲೆಯಲ್ಲೂ ಅದೇ ಯೋಜನೆ ಇತ್ತು.

ಏಪ್ರಿಲ್: ಬೆಟ್ಟ ಹತ್ತಿದರೆ ವಾಟ್ ಇಳಿಯುತ್ತದೆ

ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಇರುವುದು ಸ್ಟಾರ್ಟಿಂಗ್ ವಾಟ್. ಅದು ಕೆಲವು ಸೆಕೆಂಡಿನ ಮಾತು. ಗಂಟೆಗಟ್ಟಲೆ ಕೊಡುವ ರನ್ನಿಂಗ್ ವಾಟ್ ಸಣ್ಣಕ್ಷರದಲ್ಲಿರುತ್ತದೆ. ಹೋಂಡಾದ ಇಯು2200ಐ ಹೆಸರಿಗೆ 2,200, ರನ್ನಿಂಗ್ 1,800. ಚಾಂಪಿಯನ್‌ನ 2,500 ವಾಟಿನ ಹಗುರ ಡ್ಯೂಯಲ್ ಫ್ಯೂಯಲ್ (ಎರಡು ಇಂಧನದ) ಮಾಡೆಲ್ ಪೆಟ್ರೋಲಿನಲ್ಲಿ 1,850, ಪ್ರೊಪೇನ್‌ನಲ್ಲಿ, ಅಂದರೆ ನಮ್ಮ ಒಲೆ ಉರಿಯುವ ಗ್ಯಾಸಿನಲ್ಲಿ, 1,665.

ಈ ಅಂಕಿ ಕೂಡ ಸಮುದ್ರ ಮಟ್ಟದ್ದು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ನಿಗೆ ಆಮ್ಲಜನಕ ಕಡಿಮೆ ಸಿಗುತ್ತದೆ. ಪ್ರತಿ 1,000 ಅಡಿಗೆ ಸುಮಾರು 3.5 ಶೇಕಡಾ ಶಕ್ತಿ ಹೋಯಿತು ಅಂತ ಲೆಕ್ಕ. ಫ್ರೀಮಾಂಟ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಯೊಸೆಮಿಟಿ ಕಣಿವೆ 4,000 ಅಡಿ, ಅಲ್ಲಿ 14 ಶೇಕಡಾ ಖೋತಾ. ನಮಗೆ ಇಷ್ಟವಾದ, ಅದೇ ಉದ್ಯಾನದ ಟುವಾಲಮೀ ಮೆಡೋಸ್ 8,600 ಅಡಿ, ಅಲ್ಲಿ 30 ಶೇಕಡಾ. 1,800 ವಾಟಿನ ಹೋಂಡಾ ಅಲ್ಲಿ 1,260 ಆಗುತ್ತದೆ. ಪ್ರೊಪೇನ್‌ನಲ್ಲಿ ಚಾಂಪಿಯನ್ 1,165. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ (ಜೆಟ್) ಬದಲಿಸಿದರೆ ಎಂಜಿನ್ ಹೊಗೆಯಾಡದೆ ಸರಿಯಾಗಿ ಓಡುತ್ತದೆ, ಆದರೆ ಕಳೆದ ವಾಟ್ ವಾಪಸ್ ಬರುವುದಿಲ್ಲ.

ಅಲ್ಲಿಗೆ ಎ.ಸಿ. ಕನಸು ಮುರಿಯಿತು ಅಂದುಕೊಂಡು ಕೂತಿದ್ದೆ. ಆಮೇಲೆ ನಗು ಬಂತು. ಟುವಾಲಮೀಯಲ್ಲಿ ಜುಲೈ ರಾತ್ರಿ ಕೂಡ ಎರಡು ಕಂಬಳಿ ಬೇಕು, ಎ.ಸಿ. ಯಾರಿಗೆ ಬೇಕು? ಜನರೇಟರ್ ಸೊರಗುವ ಎತ್ತರದಲ್ಲಿ ಸೆಕೆಯೂ ಇಲ್ಲ. ಎ.ಸಿ. ನಿಜವಾಗಿ ಬೇಕಾಗುವುದು ಲೋನ್ ಪೈನ್, ಡೆತ್ ವ್ಯಾಲಿಯಂಥ ಕಡೆ. ಡೆತ್ ವ್ಯಾಲಿಗೆ ಬೇಸಿಗೆಯಲ್ಲಿ ನಾವು ಹೋಗುವ ಮಾತೇ ಇಲ್ಲ. ಲೋನ್ ಪೈನ್ ಹತ್ತಿರ ಕರೆಂಟ್ ಇರುವ ಖಾಸಗಿ ಕ್ಯಾಂಪ್‌ಗ್ರೌಂಡ್ ಸಿಗುತ್ತದೆ. ಒಂದು ರಾತ್ರಿಯ ದುಡ್ಡು ಜಾಸ್ತಿ ಕೊಟ್ಟರಾಯಿತು. ಮಧ್ಯಾಹ್ನವಿಡೀ ಜನರೇಟರ್ ಗುರ್ ಅನ್ನಿಸಿಕೊಂಡು ಅದರ ಪಕ್ಕದಲ್ಲಿ ಕೂರುವುದಕ್ಕಿಂತ ಅದು ವಾಸಿ. ಹಾಗಾಗಿ ಎ.ಸಿ.ಯನ್ನು ಲೆಕ್ಕದಿಂದ ತೆಗೆದುಹಾಕಿದೆ. ಸಾಫ್ಟ್ ಸ್ಟಾರ್ಟರ್ ದುಡ್ಡೂ ಉಳಿಯಿತು.

ಏಪ್ರಿಲ್ ಕೊನೆ: ಗಡಿಯಾರದ ಲೆಕ್ಕ

ಎ.ಸಿ. ಹೋದ ಮೇಲೆ ಜನರೇಟರಿನ ಮುಖ್ಯ ಕೆಲಸ ಬ್ಯಾಟರಿ ತುಂಬಿಸುವುದು, ಅಷ್ಟೇ. ದಿನಕ್ಕೆ ನಮಗೆ ಎಷ್ಟು ಬೇಕು? ದೀಪ, ಪಂಪು, ಫೋನು ಹೆಚ್ಚೇನೂ ಎಳೆಯುವುದಿಲ್ಲ. ತಿನ್ನುವುದು ಹೀಟರಿನ ಫ್ಯಾನು. ಹೀಟರ್ ಉರಿಯುವುದು ಗ್ಯಾಸಿನಲ್ಲೇ, ಆದರೆ ಬಿಸಿಗಾಳಿ ತಳ್ಳುವ ಫ್ಯಾನು ಬ್ಯಾಟರಿಯಿಂದ 7 ಆಂಪ್ ಎಳೆಯುತ್ತದೆ. ಚಳಿ ರಾತ್ರಿಯಲ್ಲಿ ಅದೊಂದೇ 35-40 ಆಂಪ್-ಅವರ್ ನುಂಗುತ್ತದೆ. ಎಲ್ಲ ಸೇರಿ ದಿನಕ್ಕೆ 60 ಅಂತ ಇಟ್ಟುಕೊಂಡೆ.

ಯೊಸೆಮಿಟಿಯಲ್ಲಿ ಜನರೇಟರ್ ಓಡಿಸಲು ಬಿಡುವುದು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಮಧ್ಯಾಹ್ನ ನಾವು ಎಲ್ಲೋ ಬೆಟ್ಟದಲ್ಲಿರುತ್ತೇವೆ. ಯಾರೂ ಇಲ್ಲದಾಗ ಜನರೇಟರ್ ಓಡಿಸಿ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಬೆಳಿಗ್ಗೆ ಎರಡು ಗಂಟೆ ಸಿಕ್ಕಿತು ಅನ್ನೋಣ. ನಮ್ಮ ಕನ್ವರ್ಟರ್ 35 ಆಂಪ್. ಎರಡು ಗಂಟೆಗೆ 70 ಆಂಪ್-ಅವರ್. ಮುಗೀತು, ದಿನದ ಖರ್ಚು ವಾಪಸ್ ಬಂತು.

ಇಲ್ಲಿ ಗಮನಿಸಿ, 4,000 ವಾಟಿನ ಜನರೇಟರ್ ತಂದರೂ ಇದೇ 70. ಬ್ಯಾಟರಿಗೆ ಎಷ್ಟು ಹೋಗಬೇಕು ಅಂತ ತೀರ್ಮಾನಿಸುವುದು ಕನ್ವರ್ಟರು ಮತ್ತು ಗಡಿಯಾರ. ದೊಡ್ಡ ಜನರೇಟರ್ ತಂದವರು ಆ ಎರಡು ಗಂಟೆ ಸುಮ್ನೆ ಪೆಟ್ರೋಲ್ ಸುಡುತ್ತಾರೆ. ಇದೇ ಲೆಕ್ಕದಲ್ಲಿ 900 ರನ್ನಿಂಗ್ ವಾಟಿನ, ಎತ್ತಲು ತೀರಾ ಸುಲಭವಾದ ಪುಟಾಣಿ ಜನರೇಟರ್ ಸಾಕಾಗುತ್ತಿತ್ತು. ಟುವಾಲಮೀಯಲ್ಲೂ ಅದು 630 ವಾಟ್ ಕೊಡುತ್ತದೆ. ನಾನು ಅದನ್ನೇ ತರುತ್ತಿದ್ದೆನೋ ಏನೋ. "ಮಿಕ್ಸಿ ನಡೆದ್ರೆ ಸಾಲದು, ಇನ್‌ಸ್ಟಂಟ್ ಪಾಟ್ ನಡೆಯಲ್ಲ ಅಂದ್ರೆ ನಾನು ಬರಲ್ಲ, ನೀವೇ ಬ್ರೆಡ್ ತಿಂದ್ಕೊಂಡು ಬನ್ನಿ" ಅಂದಳು ನನ್ನ ಹೆಂಡತಿ. 2,000ದ ವರ್ಗಕ್ಕೆ ವಾಪಸ್ ಬಂದೆ.

ಸದ್ದಿನ ಬಗ್ಗೆ ಒಂದು ಮಾತು. ರಾಷ್ಟ್ರೀಯ ಉದ್ಯಾನಗಳ ನಿಯಮದಲ್ಲಿ 50 ಅಡಿ ದೂರದಲ್ಲಿ 60 ಡೆಸಿಬೆಲ್ ಮೀರಬಾರದು. ಕಂಪನಿಗಳು ಬರೆಯುವ 48, 53, 57 ಎಲ್ಲ ನೋಡಲು ಚೆಂದ, ಆದರೆ ಎಷ್ಟು ದೂರದಿಂದ, ಎಷ್ಟು ಲೋಡಿನಲ್ಲಿ ಅಳೆದದ್ದು ಅಂತ ನೋಡದೆ ಹೋಲಿಸಬೇಡಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕಟ್ಟಡ ಕೆಲಸದವರು ಬಳಸುವ ತೆರೆದ ಚೌಕಟ್ಟಿನ ಜನರೇಟರ್ ಅಗ್ಗ, ಆದರೆ ಇಲ್ಲಿನ 60 ಹರ್ಟ್ಸ್ (ಸೆಕೆಂಡಿಗೆ 60 ಆವರ್ತನದ) ಕರೆಂಟ್ ಕೊಡಬೇಕಾದರೆ ಅದು ಲೋಡ್ ಇರಲಿ ಬಿಡಲಿ ನಿಮಿಷಕ್ಕೆ 3,600 ಸುತ್ತು ತಿರುಗಲೇಬೇಕು. ಊರಲ್ಲಿ 50 ಹರ್ಟ್ಸ್, ಅಂಥವು 3,000 ಸುತ್ತಿನಲ್ಲಿ ಓಡುತ್ತವೆ. ನಾನು ನೋಡುತ್ತಿದ್ದಂಥ ಇನ್ವರ್ಟರ್ ಜನರೇಟರಿಗೆ ಆ ಹಂಗಿಲ್ಲ. ಲೋಡ್ ಕಡಿಮೆ ಆದಾಗ ಎಂಜಿನ್ ನಿಧಾನ ಆಗುತ್ತದೆ, 60 ಹರ್ಟ್ಸ್ ಮಾಡಿಕೊಡುವುದು ಎಲೆಕ್ಟ್ರಾನಿಕ್ಸ್ ಕೆಲಸ.

ಮೇ: ಪೆಟ್ರೋಲೋ ಗ್ಯಾಸೋ

ಹೋಂಡಾ ಮತ್ತು ಚಾಂಪಿಯನ್ ನಡುವೆ ಬಹಳ ತೂಗಿದೆ. ಹೋಂಡಾ 121 ಸಿಸಿ ಎಂಜಿನ್, ಹೆಸರು ಗಟ್ಟಿ, ಬಿಡಿಭಾಗ ಎಲ್ಲೆಲ್ಲೂ ಸಿಗುತ್ತದೆ, ಮಾರಿದರೂ ಬೆಲೆ ಬರುತ್ತದೆ. ತೂಕ 21 ಕೆಜಿ ಮೇಲೆ. ಚಾಂಪಿಯನ್ 79 ಸಿಸಿ, 18 ಕೆಜಿ ಹತ್ತಿರ, ಬೆಲೆಯೂ ಸಾಕಷ್ಟು ಕಡಿಮೆ. ನನ್ನ ಸೊಂಟಕ್ಕೆ ಆ ಮೂರು ಕೆಜಿ ದೊಡ್ಡ ವ್ಯತ್ಯಾಸ.

ಆದರೆ ತೀರ್ಮಾನ ಆದದ್ದು ವಾಸನೆಯಿಂದ. ಪೆಟ್ರೋಲ್ ಕ್ಯಾನ್ ಕಾರಿನೊಳಗೆ, ಅಕ್ಕಿ, ಮಕ್ಕಳು, ಹಾಸಿಗೆ ಜೊತೆ ಬರಬೇಕು. ಅದು ಬೇಡವೇ ಬೇಡ. ಪ್ರೊಪೇನ್ ಸಿಲಿಂಡರ್ ಟ್ರೇಲರ್ ಮೂತಿಯ ಮೇಲೆ ಹೇಗೂ ಇದೆ. ಇಲ್ಲಿನ ಪೆಟ್ರೋಲಿನಲ್ಲಿ 10 ಶೇಕಡಾ ಎಥನಾಲ್ ಇರುತ್ತದೆ. ಕೆಲವು ತಿಂಗಳು ಹಾಗೇ ಬಿಟ್ಟರೆ ಕಾರ್ಬ್ಯುರೇಟರಿನಲ್ಲಿ ಅಂಟು ಕಟ್ಟುತ್ತದೆ. ವರ್ಷದಲ್ಲಿ ಮುಕ್ಕಾಲು ಪಾಲು ಗ್ಯಾರೇಜಿನಲ್ಲಿ ಕೂರುವ ಜನರೇಟರಿಗೆ ಇದೇ ದೊಡ್ಡ ಕಾಯಿಲೆ. ಗ್ಯಾಸು ಹಳಸುವುದಿಲ್ಲ. ಹತ್ತು ಶೇಕಡಾ ಶಕ್ತಿ ಕಡಿಮೆಯಾದರೆ ಆಗಲಿ ಅಂತ ಚಾಂಪಿಯನ್ ತಂದೆ.

ಆಗ ಅಪ್ಪ ಹಾಸನದಿಂದ ಬಂದಿದ್ದರು. ಡಬ್ಬ ಬಿಚ್ಚಿದಾಗ, "ಏನೋ ಇದು, ಹೊಲಿಗೆ ಮಿಷನ್ನಿನಷ್ಟಿದೆ?" ಅಂದರು. ಎರಡು ಇಂಧನ ಅಂದ ಕೂಡಲೇ ಅವರಿಗೆ ಅರ್ಥವಾಯಿತು. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಅಂಗಡಿ ಮುಂದೆ ಇಟ್ಟಿದ್ದ ಜನರೇಟರನ್ನು ಅವರು ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಿದ್ದರು. "ನಿಲ್ಲಿಸೋ ಮುಂಚೆ ಪೆಟ್ರೋಲಿಗೆ ಬದಲಾಯಿಸದಿದ್ರೆ ಮಾರನೇ ದಿನ ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದುಹೋಗೋದು" ಅಂತ ನೆನೆಸಿಕೊಂಡರು. ಮೊದಲ ಹಗ್ಗ ಎಳೆದದ್ದೂ ಅವರೇ.

ಕ್ಯಾಲಿಫೋರ್ನಿಯಾದವರು ಖರೀದಿಗೆ ಮುಂಚೆ ಮಾಡೆಲ್ ಮೇಲೆ ಕಾರ್ಬ್ (ರಾಜ್ಯದ ವಾಯುಮಾಲಿನ್ಯ ನಿಯಂತ್ರಣ ಮಂಡಳಿ) ಅನುಮತಿಯ ಚೀಟಿ ಇದೆಯಾ ನೋಡಿ. ಒಂದೇ ಹೆಸರಿನ ಜನರೇಟರ್ ಬೇರೆ ರಾಜ್ಯಕ್ಕೆ ಒಂದು ನಂಬರು, ನಮಗೊಂದು ನಂಬರು ಇರುತ್ತದೆ. 2028ರ ಮಾಡೆಲ್‌ನಿಂದ ಹೊಸ ಪೋರ್ಟಬಲ್ ಜನರೇಟರ್ ಹೊಗೆಯನ್ನೇ ಬಿಡಬಾರದು ಅಂತ ಇಲ್ಲಿ ನಿಯಮ ಆಗಿದೆ. ಅಂದರೆ ಮುಂದೆ ಬ್ಯಾಟರಿ ಪೆಟ್ಟಿಗೆಗಳೇ ಗತಿ. ಈಗಲೇ ಅದನ್ನೇ ಯಾಕೆ ತರಲಿಲ್ಲ ಅಂದರೆ, ಅದನ್ನೂ ಎಲ್ಲಿಂದಲಾದರೂ ತುಂಬಿಸಬೇಕಲ್ಲ. ಪೈನ್ ಮರಗಳ ನೆರಳಲ್ಲಿ ಸೋಲಾರ್ ಹಲಗೆ ಬಿಸಿಲು ಕಾಯುತ್ತಾ ಕೂರುತ್ತದೆ.

ಜೂನ್: ಮನೆ ಮುಂದೆ ಪರೀಕ್ಷೆ

ಟ್ರೇಲರ್‌ನ ಪ್ಲಗ್ 30 ಆಂಪಿನದು, ಜನರೇಟರಿನ ಸಾಕೆಟ್ 20ರದ್ದು. ನಡುವೆ ಅಡಾಪ್ಟರ್ ಹಾಕಿದೆ. ಜನರೇಟರ್ ಓಡುತ್ತಿದೆ, ಟ್ರೇಲರ್ ಒಳಗೆ ಕರೆಂಟಿಲ್ಲ. ಟ್ರೇಲರ್‌ನ ಸರ್ಜ್ ರಕ್ಷಕ ಪೆಟ್ಟಿಗೆ ಅರ್ತ್ ಇಲ್ಲ ಅಂತ ಸೂಚನೆ ಕೊಟ್ಟು ಬಾಗಿಲು ಹಾಕಿಕೊಂಡಿತ್ತು.

ಜನರೇಟರ್ ಕೆಟ್ಟಿರಲಿಲ್ಲ. ಮನೆಯ ಮುಖ್ಯ ಪ್ಯಾನಲ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ಒಂದಕ್ಕೊಂದು ಸೇರಿರುತ್ತವೆ. ಸಣ್ಣ ಇನ್ವರ್ಟರ್ ಜನರೇಟರುಗಳಲ್ಲಿ ಸಾಮಾನ್ಯವಾಗಿ ಸೇರಿಸಿರುವುದಿಲ್ಲ. ರಕ್ಷಕ ಪೆಟ್ಟಿಗೆ ಆ ಜೋಡಣೆಯನ್ನೇ ಹುಡುಕುತ್ತದೆ, ಸಿಗದಿದ್ದರೆ ಕರೆಂಟ್ ಬಿಡುವುದಿಲ್ಲ. ಇದಕ್ಕೆ ನ್ಯೂಟ್ರಲ್ ಬಾಂಡಿಂಗ್ ಪ್ಲಗ್ ಅಂತ ಮಾರುತ್ತಾರೆ. ಪ್ಲಗ್ ಒಳಗೆ ನ್ಯೂಟ್ರಲ್ ಮತ್ತು ಅರ್ತ್ ಪಿನ್ನಿಗೆ ಒಂದು ತುಂಡು ತಂತಿ, ಅಷ್ಟೇ. ಅದನ್ನು ಜನರೇಟರಿನ ಎರಡನೇ ಸಾಕೆಟ್‌ಗೆ ಚುಚ್ಚಿದ ಕೂಡಲೇ ದೀಪ ಹತ್ತಿದವು. ಅದರ ಮೇಲೆ ಕೆಂಪು ಟೇಪು ಸುತ್ತಿ "ಜನರೇಟರಿಗೆ ಮಾತ್ರ" ಅಂತ ಬರೆದಿದ್ದೇನೆ. ಅಂಥ ಪ್ಲಗ್ ಮನೆಯ ಸಾಕೆಟ್‌ಗೆ ಹೋಗಬಾರದು.

ಪ್ರೊಪೇನ್‌ನಲ್ಲಿ ಚಾರ್ಜರು ಮತ್ತು ಇನ್‌ಸ್ಟಂಟ್ ಪಾಟ್ ಒಟ್ಟಿಗೆ ನಡೆದವು, ಸುಮಾರು 1,560 ವಾಟ್. ಟುವಾಲಮೀಯಲ್ಲಿ ಇದು ನಡೆಯುವುದಿಲ್ಲ, ಒಂದಾದ ಮೇಲೊಂದು ಮಾಡಬೇಕು. ಕೆಟಲ್ ಮನೆಯಲ್ಲೇ ಇರುತ್ತದೆ, ಡಿಕಾಕ್ಷನ್‌ಗೆ ನೀರು ಗ್ಯಾಸ್ ಒಲೆಯಲ್ಲೇ ಕಾಯುತ್ತದೆ. ಚಟ್ನಿ ರುಬ್ಬುವಾಗ ಜನರೇಟರಿಗಿಂತ ಮಿಕ್ಸಿಯೇ ಜೋರು. ಪಕ್ಕದ ಟೆಂಟಿನವರು ದೂರು ಕೊಟ್ಟರೆ ಅದರ ಮೇಲೆ ಕೊಡುತ್ತಾರೆ.

ಹೊಗೆಯ ವಿಚಾರದಲ್ಲಿ ತಮಾಷೆ ಇಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಜನರೇಟರ್ ಕಡೇಪಕ್ಷ 20 ಅಡಿ ದೂರ, ಹೊಗೆ ಕೊಳವೆ ನಮ್ಮ ಕಡೆಗೂ ಪಕ್ಕದವರ ಕಡೆಗೂ ಬೇಡ. ಅದಕ್ಕೇ 25 ಅಡಿಯ ದಪ್ಪ ಕೇಬಲ್ ತಂದೆ. ಟ್ರೇಲರ್ ಒಳಗಿನ ಅಲಾರಂ ಅವಧಿ ಮುಗಿದಿತ್ತು, ಹೊಸದು ಹಾಕಿದ್ದೇನೆ. ಹೊಗೆ ಕೊಳವೆಯ ಬಾಯಲ್ಲಿ ಕಿಡಿ ತಡೆಯುವ ಜಾಲರಿ ಇದೆ. ಒಣ ಕಾಡಿಗೆ ಹೋಗುವ ಮುಂಚೆ ಅದನ್ನು ಬಿಚ್ಚಿ ಬ್ರಷ್‌ನಲ್ಲಿ ಉಜ್ಜಬೇಕು.

ಮುಂದಿನ ಕೆಲಸ ಕನ್ವರ್ಟರ್. 35ರ ಬದಲು 55 ಆಂಪಿನದು ಹಾಕಿದರೆ ಬೆಳಗಿನ ಎರಡು ಗಂಟೆಯ ಕೆಲಸ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಟುವಾಲಮೀಯ 1,165 ವಾಟಿನಲ್ಲಿ ಅದಕ್ಕೆ ಜಾಗ ಇದೆ. ಬ್ಯಾಟರಿಯೂ 55 ಆಂಪ್ ತಡೆಯುತ್ತದೆ. ಆದರೆ ಕನ್ವರ್ಟರಿನಿಂದ ಬ್ಯಾಟರಿಗೆ ಹೋಗಿರುವ ತಂತಿ ಹಳೇದು, ತೆಳುವಾಗಿ ಕಾಣುತ್ತದೆ. ಈ ಶನಿವಾರ ನೆಲದ ಹಲಗೆ ಎತ್ತಿ ಅದರ ದಪ್ಪ, ಉದ್ದ ಎರಡೂ ಅಳೆಯುತ್ತೇನೆ. ಸಾಲದಿದ್ದರೆ ಮೊದಲು ತಂತಿ, ಆಮೇಲೆ ಕನ್ವರ್ಟರ್.